ಹಿಮದಡಿಯ ಸೆನ್ಸರ್ ಹೇಳುವ ನೀರಿನ ಲೆಕ್ಕವನ್ನು ಎಷ್ಟು ನಂಬಬಹುದು?

ರೀನೋ_ರಶ್ಮಿ
ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ಈಗ ನೆವಾಡಾದ ರೀನೋದಲ್ಲಿ ಜಲವಿಜ್ಞಾನ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಸ್ನೋಟೆಲ್ ಡೇಟಾ ತೆಗೆದುಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕೃಷಿ ಇಲಾಖೆ ಪಶ್ಚಿಮದ ಬೆಟ್ಟಗಳಲ್ಲಿ ಹಿಮ ಅಳೆಯುವ ಸ್ವಯಂಚಾಲಿತ ಸ್ಟೇಷನ್‌ಗಳನ್ನು ಇಟ್ಟಿದೆ. 900ಕ್ಕೂ ಜಾಸ್ತಿ ಇವೆ. ಪ್ರತಿ ಸ್ಟೇಷನ್‌ನಲ್ಲಿ ನೆಲದ ಮೇಲೆ 'ಸ್ನೋ ಪಿಲ್ಲೋ' ಅಂತ ಒಂದು ಚಪ್ಪಟೆ ಚೀಲ, ಅದರೊಳಗೆ ಹೆಪ್ಪುಗಟ್ಟದ ದ್ರವ. ಮೇಲೆ ಹಿಮ ಕೂತಷ್ಟೂ ಒಳಗಿನ ಒತ್ತಡ ಏರುತ್ತದೆ. ಆ ಹಿಮವೆಲ್ಲ ಕರಗಿದರೆ ಎಷ್ಟು ಇಂಚು ನೀರು ನಿಲ್ಲುತ್ತದೆ ಅನ್ನುವುದನ್ನು ಆ ಒತ್ತಡದಿಂದ ಲೆಕ್ಕ ಹಾಕುತ್ತಾರೆ.

ನನ್ನ ತಲೆನೋವು ಎರಡು. ಒಂದು ಸ್ಟೇಷನ್‌ನಲ್ಲಿ ಎರಡು ದಿನದಲ್ಲಿ ಹಿಮದ ಆಳ ಒಂದು ಅಡಿ ಇಳಿದಿದೆ, ನೀರಿನ ಅಂಕಿ ಮಾತ್ರ ಎರಡು ಇಂಚು ಏರಿದೆ. ಇನ್ನೊಂದರಲ್ಲಿ ದೊಡ್ಡ ಹಿಮಗಾಳಿ ಬಂದು ಹೋಗುವವರೆಗೂ ಪಿಲ್ಲೋ ಅಂಕಿ ಅಲ್ಲಾಡಿಲ್ಲ. ನಾಲ್ಕು ದಿನ ಬಿಟ್ಟು, ಒಳ್ಳೆ ಬಿಸಿಲಿರುವಾಗ, ಒಂದೇ ಗಂಟೆಯಲ್ಲಿ ಮೇಲಕ್ಕೆ ನೆಗೆದಿದೆ. ಎರಡನ್ನೂ ಕೆಟ್ಟ ಡೇಟಾ ಅಂತ ತೆಗೆದುಹಾಕು ಅನ್ನುತ್ತಾರೆ ಜೊತೆಯವರು. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಇದರಲ್ಲಿ ಕೈಯಾಡಿಸಿದವರು ಯಾರಾದರೂ ಇದ್ದೀರಾ?

ಸುಮಾ_ಕೆ
ಪಿಲ್ಲೋ ಯಾಕೆ ಬೇಕು? ಒಂದು ಅಳತೆಕೋಲು ನೆಟ್ಟು ಆಳ ನೋಡಿದರೆ ಸಾಲದಾ?

ಬಾಯ್ಸಿ_ಭಟ್ಟ
ಸಾಲದು ಸುಮಾ ಅವರೇ. ಆಗಷ್ಟೇ ಬಿದ್ದ ಹಿಮ ಹತ್ತು ಇಂಚು ಇದ್ದರೆ ಅದರಲ್ಲಿ ನೀರು ಹೆಚ್ಚುಕಮ್ಮಿ ಒಂದು ಇಂಚು. ಏಪ್ರಿಲ್ ಹೊತ್ತಿಗೆ ಕೂತು ಗಟ್ಟಿಯಾದ ಹಿಮದಲ್ಲಿ ಅದೇ ಹತ್ತು ಇಂಚಿಗೆ ನಾಲ್ಕು, ಕೆಲವೊಮ್ಮೆ ಅದಕ್ಕೂ ಮೇಲೆ. ಅಣೆಕಟ್ಟು ನೋಡಿಕೊಳ್ಳುವವರಿಗೆ ಬೇಕಿರುವುದು ನೀರಿನ ಲೆಕ್ಕ. ಆಳ ಒಂದನ್ನೇ ಕೊಟ್ಟರೆ ಅವರಿಗೆ ಅರ್ಧ ಕಥೆ ಹೇಳಿದ ಹಾಗೆ.

ರಶ್ಮಿ, ದಯವಿಟ್ಟು ತೆಗೆಯಬೇಡಮ್ಮ. ಎರಡೂ ನಿಜವಾದ ಡೇಟಾ.

ಮೊದಲನೆಯದು ಹಿಮದ ಮೇಲೆ ಬಿದ್ದ ಮಳೆ. ಆ ಎರಡು ದಿನದ ಉಷ್ಣಾಂಶ ತೆಗೆದು ನೋಡು, ಸೊನ್ನೆಯಿಂದ ಮೇಲೆ ಇರುತ್ತದೆ. ಪೆಸಿಫಿಕ್ ಕಡೆಯಿಂದ ಬೆಚ್ಚಗಿನ ಮಳೆ ಬಂದಾಗ ಆ ನೀರನ್ನು ಹಿಮ ಒಳಗೆ ಹೀರಿಕೊಳ್ಳುತ್ತದೆ. ತೂಕ ಏರುತ್ತದೆ. ಅದೇ ಹೊತ್ತಿಗೆ ಹರಳುಗಳು ಕುಸಿದು ಒತ್ತಾಗುವುದರಿಂದ ಆಳ ಇಳಿಯುತ್ತದೆ. ಆಳ ಅಳೆಯುವುದು ಕಂಬದ ಮೇಲಿನ ಅಲ್ಟ್ರಾಸೋನಿಕ್ ಸೆನ್ಸರ್, ತೂಕ ಅಳೆಯುವುದು ಕೆಳಗಿನ ಪಿಲ್ಲೋ. ಎರಡೂ ಸರಿಯಾಗಿಯೇ ಹೇಳಿವೆ.

ಎರಡನೆಯದಕ್ಕೆ ಫೀಲ್ಡ್‌ನಲ್ಲಿ ಬ್ರಿಡ್ಜಿಂಗ್ ಅನ್ನುತ್ತೇವೆ. ಹಿಮ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿದಾಗ ನಡುವೆ ಮಂಜುಗಡ್ಡೆಯ ಪದರ ಕಟ್ಟುತ್ತದೆ. ಆಮೇಲೆ ಬಿದ್ದ ಹಿಮದ ಭಾರವನ್ನು ಆ ಪದರವೇ ಹೊತ್ತು ಪಿಲ್ಲೋದ ಆಚೀಚೆಯ ನೆಲಕ್ಕೆ ದಾಟಿಸುತ್ತದೆ. ಅಡಿಗಿರುವ ಪಿಲ್ಲೋಗೆ ಸುದ್ದಿಯೇ ಮುಟ್ಟುವುದಿಲ್ಲ. ಬಿಸಿಲಿಗೆ ಪದರ ಸಡಿಲವಾದಾಗ ಭಾರವೆಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಪಕ್ಕದಲ್ಲೇ ಮಳೆ-ಹಿಮ ಹಿಡಿಯುವ ಉದ್ದದ ಗೇಜ್ ಇರುತ್ತದೆ ನೋಡು. ಹಿಮಗಾಳಿಯ ದಿನಗಳಲ್ಲಿ ಅದರ ಅಂಕಿ ಏರಿದ್ದರೆ ಅನುಮಾನವೇ ಬೇಡ. ಆ ನೆಗೆತವನ್ನು ಗೇಜ್ ಏರಿದ ಪ್ರಮಾಣದಲ್ಲಿ ಹಿಂದಿನ ದಿನಗಳಿಗೆ ಹಂಚು.

ಅಂಕಿ_ಅಂಶ
ಒಂದು ಎಚ್ಚರಿಕೆ. ಗಾಳಿ ಜೋರಾಗಿದ್ದರೆ ಹಿಮ ಗೇಜಿನ ಬಾಯಿಗೆ ಬೀಳದೆ ಹಾರಿಹೋಗುತ್ತದೆ. ಆಗ ಗೇಜ್ ಕಮ್ಮಿ ಹೇಳುತ್ತದೆ. ಹಂಚುವಾಗ ಗೇಜಿನ ಒಟ್ಟು ಮೊತ್ತ ಬಳಸಬೇಡಿ, ದಿನದಿನದ ಪಾಲು ಮಾತ್ರ ಬಳಸಿ.

ಬಾಯ್ಸಿ_ಭಟ್ಟ
ಸರಿಯಾದ ಮಾತು. ನಾನು ಹೇಳಿದ್ದೂ ಪಾಲಿನ ಲೆಕ್ಕವೇ.

ರೀನೋ_ರಶ್ಮಿ
ತುಂಬಾ ಥ್ಯಾಂಕ್ಸ್ ಭಟ್ರೇ! ಈಗಲೇ ನೋಡಿದೆ. ಮೊದಲನೆಯ ಸ್ಟೇಷನ್‌ನಲ್ಲಿ ಎರಡೂ ದಿನ 3 ಡಿಗ್ರಿ ಮೇಲೆ. ಎರಡನೆಯದರಲ್ಲಿ ಗೇಜ್ ನೀಟಾಗಿ ಏರಿದೆ. ಜೊತೆಯವರಿಗೆ ಗ್ರಾಫ್ ತೋರಿಸುತ್ತೇನೆ.

ಲೈಡಾರ್_ಲೋಕೇಶ್
ಅದು ಬಗೆಹರಿಯಿತು, ಸಂತೋಷ. ದೊಡ್ಡ ಪ್ರಶ್ನೆ ಬೇರೆ ಇದೆ. ಮೂರು ಮೀಟರ್ ಅಗಲದ ಚೀಲ, ಅದೂ ಕಾಡಿನ ನಡುವಿನ ಸಮತಟ್ಟು ಬಯಲಿನಲ್ಲಿ, ಗಾಳಿ ತಾಗದ ಜಾಗದಲ್ಲಿ. ಅದರ ಅಂಕಿಯಿಂದ ಇಡೀ ಕಣಿವೆಯ ನೀರು ಹೇಳುವುದು ಹೇಗೆ? ಬೆಟ್ಟದ ಉತ್ತರದ ಮುಖ, ದಕ್ಷಿಣದ ಮುಖ, ಮರದ ಅಡಿ, ಬೋಳು ಶಿಖರ, ಎಲ್ಲ ಕಡೆಯೂ ಹಿಮ ಬೇರೆ ಬೇರೆ.

ಸ್ಯಾನ್ ಫ್ರಾನ್ಸಿಸ್ಕೋಗೆ ನೀರು ಕೊಡುವ ಹೆಚ್ ಹೆಚಿ ಜಲಾಶಯವನ್ನೇ ತಗೊಳ್ಳಿ. ಅದರ ಮೇಲಿನ ಜಲಾನಯನ ಸುಮಾರು 1,200 ಚದರ ಕಿ.ಮೀ. ಸರಾಸರಿ ಅಂದಾಜಿನಲ್ಲಿ ಬರೀ 50 ಮಿ.ಮೀ. ಹೆಚ್ಚುಕಮ್ಮಿ ಆಯಿತು ಅಂದುಕೊಳ್ಳಿ. 6 ಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ 2 ಟಿಎಂಸಿಗಿಂತ ಜಾಸ್ತಿ. ಆ ಜಲಾಶಯ ಹಿಡಿಯುವುದೇ ಹದಿನಾರು ಟಿಎಂಸಿಯ ಹತ್ತಿರ.

ಅದಕ್ಕೇ 2013ರಿಂದ ನಾಸಾದವರು ಇದೇ ಟ್ವಾಲಮಿ ಕಣಿವೆಯ ಮೇಲೆ ವಿಮಾನದಿಂದ ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಯಂತ್ರ, ಹಾರಿಸಿದರು. ಬೇಸಿಗೆಯಲ್ಲಿ ಹಿಮವಿಲ್ಲದ ನೆಲದ ನಕ್ಷೆ, ಚಳಿಗಾಲದಲ್ಲಿ ಹಿಮದ ಮೇಲ್ಮೈಯ ನಕ್ಷೆ. ಒಂದರಿಂದ ಒಂದನ್ನು ಕಳೆದರೆ ಮೂರು ಮೀಟರ್‌ಗೊಂದರಂತೆ ಎಲ್ಲ ಕಡೆಯ ಆಳ ಕೈಗೆ ಬರುತ್ತದೆ. ಇದು ಇರುವಾಗ ಪಿಲ್ಲೋ ಹಿಡಿದುಕೊಂಡು ಯಾಕೆ ಕೂರಬೇಕು?

ಬಾಯ್ಸಿ_ಭಟ್ಟ
ಲೋಕೇಶ್, ಲೈಡಾರ್ ಕೊಡುವುದು ಆಳ. ಈಗಷ್ಟೇ ಸುಮಾ ಅವರಿಗೆ ಹೇಳಿದೆನಲ್ಲ. ಆಳದಿಂದ ನೀರಿಗೆ ಬರಲು ಸಾಂದ್ರತೆ ಬೇಕು. ಅದನ್ನು ಮಾಡೆಲ್‌ನಿಂದ ತರುತ್ತೀರಿ. ಆ ಮಾಡೆಲ್ ಸರಿಯಿದೆಯಾ ಅಂತ ನೋಡುವುದು ಯಾವುದರ ಜೊತೆ? ಪಿಲ್ಲೋ ಜೊತೆ, ಇಲ್ಲವೇ ಹಿಮಕ್ಕೆ ಕೊಳವೆ ಚುಚ್ಚಿ ತೂಗಿದ ಅಂಕಿಯ ಜೊತೆ.

ಇನ್ನೊಂದು. ವಿಮಾನ ಚಳಿಗಾಲಕ್ಕೆ ಕೆಲವೇ ಸಲ ಹಾರುತ್ತದೆ. ಖರ್ಚು ಜಾಸ್ತಿ, ಆಕಾಶ ತಿಳಿಯಾಗಿರಬೇಕು. ಪಿಲ್ಲೋ ಗಂಟೆಗೊಂದು ಅಂಕಿ ಕೊಡುತ್ತದೆ, ಹಿಮಗಾಳಿ ಬೀಸುತ್ತಿರುವಾಗಲೂ ಕೊಡುತ್ತದೆ.

ಲೈಡಾರ್_ಲೋಕೇಶ್
ಸಾಂದ್ರತೆ ಜಾಗದಿಂದ ಜಾಗಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಆಳ ವಿಪರೀತ ಬದಲಾಗುತ್ತದೆ. ಜಾಸ್ತಿ ಬದಲಾಗುವುದನ್ನು ನೇರವಾಗಿ ಅಳೆದು, ಕಮ್ಮಿ ಬದಲಾಗುವುದನ್ನು ಅಂದಾಜು ಮಾಡುವುದೇ ಬುದ್ಧಿವಂತಿಕೆ. ಪಿಲ್ಲೋ ಬೇಕಾದರೆ ಇರಲಿ, ಲೈಡಾರ್‌ಗೆ ಆಸರೆಯಾಗಿ ಇರಲಿ.

ಅಂಕಿ_ಅಂಶ
ನೀವಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ. ಕಣಿವೆಯಲ್ಲಿ ಒಟ್ಟು ಎಷ್ಟು ನೀರಿದೆ ಅನ್ನುವುದು ಒಂದು ಪ್ರಶ್ನೆ. ಜುಲೈವರೆಗೆ ನದಿಯಲ್ಲಿ ಎಷ್ಟು ಬರುತ್ತದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಪಿಲ್ಲೋ ಇಡೀ ಕಣಿವೆಯನ್ನು ಪ್ರತಿನಿಧಿಸಬೇಕು ಅಂತಿಲ್ಲ. ಒಂದೇ ಜಾಗದಲ್ಲಿ ಒಂದೇ ರೀತಿ ನಲವತ್ತು ವರ್ಷ ಅಳೆದಿದ್ದರೆ, ಆ ಅಂಕಿಗೂ ನದಿಯ ಹರಿವಿಗೂ ಇರುವ ಸಂಬಂಧ ಸಿಗುತ್ತದೆ. ಕೃಷಿ ಇಲಾಖೆಯ ಮುನ್ಸೂಚನೆಗಳು ದಶಕಗಳ ಕಾಲ ನಿಂತದ್ದೇ ಇದರ ಮೇಲೆ. ಪಿಲ್ಲೋ ಅಲ್ಲಿ ಬರೀ ಸೂಚಕ.

ಫ್ರೆಸ್ನೋ_ಗೌಡ
ಸಂಬಂಧ ಸಿಗುತ್ತದೆ, ಸರಿ. ಆ ಸಂಬಂಧ ಮುರಿದಾಗ ಬೀದಿಗೆ ಬರುವವರು ನಮ್ಮಂಥ ರೈತರು. ನಾನು ಇಲ್ಲಿ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಬಾದಾಮಿ ತೋಟ ನೋಡಿಕೊಳ್ಳುತ್ತೇನೆ. 2021ರ ಏಪ್ರಿಲ್ ಒಂದಕ್ಕೆ ಹಿಮ ಸರಾಸರಿಯ 60 ಪರ್ಸೆಂಟ್ ಹತ್ತಿರ ಇತ್ತು. ಕಮ್ಮಿಯೇ, ಆದರೂ ಇಷ್ಟು ನೀರು ಬರುತ್ತದೆ ಅಂತ ಒಂದು ಲೆಕ್ಕ ಕೊಟ್ಟಿದ್ದರು. ಹಿಮ ಕರಗಿತು, ನದಿಗೆ ಬರಲಿಲ್ಲ. ಹಿಂದಿನ ವರ್ಷದ ಬರಕ್ಕೆ ನೆಲ ಒಣಗಿ ಬಾಯಿ ಬಿಟ್ಟಿತ್ತು. ಕರಗಿದ ನೀರನ್ನು ಮಣ್ಣೇ ಕುಡಿಯಿತು, ಒಂದಿಷ್ಟು ಗಾಳಿಗೆ ಹೋಯಿತು. ನಾವು ಆ ಅಂಕಿ ನಂಬಿ ಬೇಸಿಗೆಯ ನೀರಿನ ಪ್ಲಾನ್ ಮಾಡಿದ್ದೆವು. ಆ ವರ್ಷ ಹಳೆಯ ಮರಗಳ ಒಂದು ಸಾಲನ್ನೇ ಕಿತ್ತು ಹಾಕಬೇಕಾಯಿತು. ಬುಲ್ಡೋಜರ್ ಬಂದು ಬೇರು ಸಮೇತ ಮಲಗಿಸಿದಾಗ ಮಣ್ಣು ಹುಡಿ ಹುಡಿಯಾಗಿ ಉದುರುತ್ತಿತ್ತು, ಒಂದು ಗೇಣು ಆಳದಲ್ಲೂ ಪಸೆ ಇರಲಿಲ್ಲ.

ಪಿಲ್ಲೋ ಸುಳ್ಳು ಹೇಳಿತು ಅನ್ನುತ್ತಿಲ್ಲ. ಅದು ತನ್ನ ಮೇಲೆ ಎಷ್ಟಿದೆ ಅಂತ ಸರಿಯಾಗಿಯೇ ಹೇಳಿತು. ಅದರಿಂದ ಮುಂದಿನ ಲೆಕ್ಕ ತಪ್ಪಿತು.

ಅಂಕಿ_ಅಂಶ
ಗೌಡ್ರೇ, ಬೇಜಾರಾಯಿತು ಓದಿ. ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಅದಕ್ಕೇ ಈಗ ಪಿಲ್ಲೋ ಪಕ್ಕದಲ್ಲೇ ಮಣ್ಣಿನ ತೇವಾಂಶದ ಸೆನ್ಸರ್‌ಗೂ ಬೆಲೆ ಬಂದಿದೆ. ಅನೇಕ ಸ್ನೋಟೆಲ್ ಸ್ಟೇಷನ್‌ಗಳಲ್ಲಿ ಅದೂ ಇದೆ. ರಶ್ಮಿ, ನಿಮ್ಮ ಮಾಡೆಲ್‌ಗೆ ಅದನ್ನು ಸೇರಿಸಲೇಬೇಕು.

ಲೈಡಾರ್_ಲೋಕೇಶ್
ಕಾಡ್ಗಿಚ್ಚನ್ನೂ ಮರೆಯಬೇಡಿ. 2021ರ ಕ್ಯಾಲ್ಡರ್ ಬೆಂಕಿ ಸಿಯೆರಾ ಶಿಖರಸಾಲು ದಾಟಿ ಟಾಹೋ ಸರೋವರದ ಕಡೆಗೇ ಬಂತು. ಮರ ಸುಟ್ಟ ಜಾಗದಲ್ಲಿ ಹಿಮ ನೆಲಕ್ಕೆ ಜಾಸ್ತಿ ಬೀಳುತ್ತದೆ, ನೆರಳಿಲ್ಲದೆ ಬೇಗ ಕರಗುತ್ತದೆ, ಮೇಲೆ ಮಸಿ ಬಿದ್ದು ಇನ್ನೂ ಬೇಗ. ಸುತ್ತಲ ಕಾಡೇ ಹೋದ ಮೇಲೆ ಸ್ಟೇಷನ್‌ನ ನಲವತ್ತು ವರ್ಷದ ಸಂಬಂಧಕ್ಕೆ ಏನು ಅರ್ಥ?

ತೀರ್ಥಹಳ್ಳಿ_ತೋಟ
ಹಿಮ ನೋಡಿಲ್ಲ, ಆದರೆ ಈ ಜಗಳ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮಲ್ಲಿ ಅಡಿಕೆಯ ಹವಾಮಾನ ಬೆಳೆ ವಿಮೆಗೆ ಗ್ರಾಮ ಪಂಚಾಯಿತಿಯ ಟೆಲಿಮೆಟ್ರಿಕ್ ಮಳೆಮಾಪಕದ ಅಂಕಿಯೇ ಆಧಾರ. ಮಾಪಕ ಇರುವುದು ಗುಡ್ಡದ ಆ ಕಡೆ. ನಮ್ಮ ತೋಟ ಈ ಕಡೆ. ನಮ್ಮಲ್ಲಿ ಕೊಳೆರೋಗ ಬರುವಷ್ಟು ಮಳೆ ಹೊಡೆದರೂ ಅಲ್ಲಿ ಕಮ್ಮಿ ತೋರಿಸಿದರೆ ವಿಮೆ ಇಲ್ಲ. ಬೋರ್ಡೋ ಹೊಡೆದ ಖರ್ಚೂ ಬರಲಿಲ್ಲ ಒಂದು ವರ್ಷ. ಒಂದು ಜಾಗದ ಅಂಕಿಯನ್ನು ಊರಿಗೆಲ್ಲ ಹಾಕಿದರೆ ಹೀಗೇ ಆಗುವುದು.

ಸುಮಾ_ಕೆ
ನಮ್ಮ ಅಮ್ಮನ ಮನೆಯಲ್ಲೂ ಇದೇ ಗೋಳು.

ಬಾಯ್ಸಿ_ಭಟ್ಟ
ತೋಟದವರೇ, ನೀವು ಹೇಳಿದ್ದು ವಿಷಯಕ್ಕೆ ಹೊರತಲ್ಲ. ಬೆಟ್ಟದ ನಾಡಿನಲ್ಲಿ ಮಾಪಕ ಎಷ್ಟೇ ಚೆನ್ನಾಗಿದ್ದರೂ, ಅದು ಎಲ್ಲಿ ಕೂತಿದೆ ಅನ್ನುವುದೇ ಅರ್ಧ ಉತ್ತರ.

ಹಾಗಂತ ಪಿಲ್ಲೋ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಟೇಷನ್‌ಗೆ ಒಮ್ಮೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹೋದರೆ ಕರಡಿ ಕಚ್ಚಿ ಹರಿದ ಚೀಲ, ಇಲಿ ಕಡಿದ ವೈರು ಸಿಗುತ್ತವೆ. ದ್ರವ ಸೋರಿ ಅಂಕಿ ನಿಧಾನವಾಗಿ ಇಳಿಯುತ್ತಿರುತ್ತದೆ, ಅದನ್ನು ಆಫೀಸಿನಲ್ಲಿ ಕೂತವರು ಹಿಮ ಕರಗುತ್ತಿದೆ ಅಂದುಕೊಳ್ಳಬಹುದು. ಚಳಿಗಾಲದಲ್ಲಿ ಹೋದರೆ ಕೊಳವೆಯಿಂದ ತೂಗಿ ತಾಳೆ ನೋಡುತ್ತೇವೆ. ಆ ಕೊಳವೆ ಅಲ್ಯೂಮಿನಿಯಂನದು, ತುದಿಯಲ್ಲಿ ಗರಗಸದಂಥ ಹಲ್ಲು. ತಿರುಗಿಸುತ್ತಾ ನೆಲ ಮುಟ್ಟುವವರೆಗೆ ಇಳಿಸಬೇಕು. ಮೇಲೆ ಎತ್ತಿದಾಗ ತುದಿಯಲ್ಲಿ ಚೂರು ಮಣ್ಣೋ ಹುಲ್ಲೋ ಅಂಟಿರಬೇಕು, ಆಗಲೇ ಪೂರ್ತಿ ಹಿಮ ಬಂದಿದೆ ಅಂತ ಖಾತ್ರಿ. ಆ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದು, ಕೊಳವೆಯನ್ನು ತಕ್ಕಡಿಗೆ ನೇತು ಹಾಕುತ್ತೇವೆ. ಕೊಳವೆಯ ಬಾಯಿ 1.485 ಇಂಚು. ಯಾಕೆ ಆ ಅಳತೆ ಗೊತ್ತಾ? ಆಗ ಒಂದು ಔನ್ಸ್ ಹಿಮ ಅಂದರೆ ಸರಿಯಾಗಿ ಒಂದು ಇಂಚು ನೀರು. ಬೆರಳು ಮರಗಟ್ಟಿರುವಾಗ ಗುಣಾಕಾರ ಭಾಗಾಕಾರ ಬೇಡ.

ಈ ಪದ್ಧತಿ ಶುರು ಮಾಡಿದವರು ಜೇಮ್ಸ್ ಚರ್ಚ್. ರಶ್ಮಿ, ನಿಮ್ಮ ರೀನೋದಲ್ಲೇ ಪಾಠ ಮಾಡುತ್ತಿದ್ದ ಲ್ಯಾಟಿನ್ ಮೇಷ್ಟ್ರು. 1900ರ ದಶಕದಲ್ಲಿ ಮೌಂಟ್ ರೋಸ್ ಬೆಟ್ಟದ ಮೇಲೆ ಹಿಮ ತೂಗಿ, ವಸಂತದಲ್ಲಿ ಟಾಹೋ ಸರೋವರ ಎಷ್ಟು ಏರುತ್ತದೆ ಅಂತ ಮೊದಲೇ ಹೇಳುವ ದಾರಿ ಕಂಡುಕೊಂಡರು.

ರೀನೋ_ರಶ್ಮಿ
ಮೌಂಟ್ ರೋಸ್ ನಮ್ಮ ಕಿಟಕಿಯಿಂದಲೇ ಕಾಣುತ್ತದೆ! ಇದು ಗೊತ್ತೇ ಇರಲಿಲ್ಲ.

ಹ್ಯಾಮ್_ರೇಡಿಯೋ_ಹರೀಶ
ಸ್ನೋಟೆಲ್ ಮಾತು ಬಂದಿತಲ್ಲ, ಹೇಳದೆ ಇರಲಾರೆ. ಅದರ ಡೇಟಾ ಮೊದಲು ಬರುತ್ತಿದ್ದದ್ದು ಉಲ್ಕೆಗಳ ಮೂಲಕ! ಉಲ್ಕೆ ಉರಿದಾಗ ಸುಮಾರು ನೂರು ಕಿ.ಮೀ. ಎತ್ತರದಲ್ಲಿ ಅಯಾನುಗಳ ಗೆರೆ ಮೂಡುತ್ತದೆ. ಅದು ಒಂದು ಸೆಕೆಂಡೂ ಇರುವುದಿಲ್ಲ. ಅಷ್ಟರಲ್ಲಿ ವಿಎಚ್‌ಎಫ್ ರೇಡಿಯೋ ಅಲೆ ಅದಕ್ಕೆ ತಾಗಿ ಕೆಳಗೆ ಬರುತ್ತದೆ. ಐಡಾಹೋದ ಬಾಯ್ಸಿ ಮತ್ತು ಯೂಟಾದ ಆಗ್ಡನ್‌ನಲ್ಲಿ ಮುಖ್ಯ ಕೇಂದ್ರಗಳು. ಬೆಟ್ಟದ ಹಿಂದೆ, ಟವರ್ ಇಲ್ಲದ ಕಡೆ, ಉಪಗ್ರಹದ ಬಾಡಿಗೆ ಇಲ್ಲದೆ ಸಂದೇಶ! ಈಗ ಸೆಲ್ಯುಲಾರ್, ಉಪಗ್ರಹ ಬಂದಿವೆ.

ಸುಮಾ_ಕೆ
ಉಲ್ಕೆ ಬೀಳದಿದ್ದರೆ?

ಹ್ಯಾಮ್_ರೇಡಿಯೋ_ಹರೀಶ
ಸಣ್ಣ ಸಣ್ಣವು ಸದಾ ಬೀಳುತ್ತಲೇ ಇರುತ್ತವೆ. ಕಣ್ಣಿಗೆ ಕಾಣಬೇಕು ಅಂತಿಲ್ಲ. ಕೆಲವು ನಿಮಿಷ ಕಾದರೆ ಒಂದು ಸಿಕ್ಕೇ ಸಿಗುತ್ತದೆ. ಹಿಮದ ಅಂಕಿಗೆ ಅಷ್ಟು ತಡ ಏನೂ ಅಲ್ಲ.

ಯಲಹಂಕ_ಎಂಜಿನಿಯರ್
ಮತ್ತೆ ವಿಷಯಕ್ಕೆ ಬರೋಣ. ಉಪಗ್ರಹದ ಬಗ್ಗೆ ಯಾರೂ ಎತ್ತಲಿಲ್ಲ. ಹಿಮ ಎಲ್ಲೆಲ್ಲಿ ಇದೆ ಅಂತ ಉಪಗ್ರಹ ಚೆನ್ನಾಗಿ ತೋರಿಸುತ್ತದೆ. ಎಷ್ಟು ನೀರಿದೆ ಅನ್ನುವುದರಲ್ಲೇ ಕಷ್ಟ. ಹಳೆಯ ಮೈಕ್ರೋವೇವ್ ಸೆನ್ಸರ್‌ಗಳ ಒಂದೊಂದು ಚೌಕ ಇಪ್ಪತ್ತೈದು ಕಿ.ಮೀ. ಆಸುಪಾಸು. ಬೆಟ್ಟದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಹಿಮ ಆಳವಾದರೆ ಸಿಗ್ನಲ್ ಒಂದು ಹಂತದಲ್ಲಿ ನಿಂತುಬಿಡುತ್ತದೆ.

ನಿಸಾರ್ ಮೇಲೆ ನನಗೆ ಭರವಸೆ ಇದೆ. ಇಸ್ರೋ-ನಾಸಾ ಸೇರಿ ಮಾಡಿದ್ದು, ರೇಡಾರ್‌ಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿತು. ಅದರ ಎಲ್-ಬ್ಯಾಂಡ್ ಅಲೆ (ಉದ್ದ ತರಂಗದ ರೇಡಾರ್ ಅಲೆ) ಒಣ ಹಿಮದೊಳಗೆ ತೂರಿ ನೆಲ ಮುಟ್ಟಿ ವಾಪಸ್ ಬರುತ್ತದೆ. ಹಿಮದೊಳಗೆ ಅಲೆಯ ವೇಗ ಕಮ್ಮಿ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುವಾಗ ಅಲೆಯ ಫೇಸ್ (ಏರಿಳಿತದ ಹಂತ) ಎಷ್ಟು ಬದಲಾಗಿದೆ ಅಂತ ನೋಡಿ, ನಡುವೆ ಎಷ್ಟು ನೀರಿನ ಹಿಮ ಸೇರಿದೆ ಅಂತ ಹೇಳಬಹುದು. ನಾಸಾದ ಸ್ನೋಎಕ್ಸ್ ಪ್ರಯೋಗಗಳಲ್ಲಿ ವಿಮಾನದ ಎಲ್-ಬ್ಯಾಂಡ್ ರೇಡಾರ್‌ನಿಂದ ಇದನ್ನು ಪರೀಕ್ಷಿಸಿದ್ದಾರೆ.

ಬಾಯ್ಸಿ_ಭಟ್ಟ
ಒಣ ಹಿಮ ಅಂದಿರಲ್ಲ, ಅದೇ ಗಂಟು. ಸಿಯೆರಾದಲ್ಲಿ ಮಾರ್ಚ್ ದಾಟಿದರೆ ಹಿಮ ಒದ್ದೆ. ರಶ್ಮಿಯ ಮೊದಲ ಸ್ಟೇಷನ್‌ನಲ್ಲಿ ಚಳಿಗಾಲದಲ್ಲೇ ಮಳೆ. ಒದ್ದೆ ಹಿಮದಲ್ಲಿ ಅಲೆ ಒಳಗೆ ಇಳಿಯುವುದೇ ಇಲ್ಲ. ದಟ್ಟ ಕಾಡಿನಲ್ಲೂ ಕಷ್ಟ. ಅದೂ ಅಲ್ಲದೆ ನಿಸಾರ್ ಹೇಳುವುದು ಎಷ್ಟು ಬದಲಾಯಿತು ಅಂತ. ಎಷ್ಟರಿಂದ ಎಷ್ಟಕ್ಕೆ ಅನ್ನಲು ನೆಲದ ಮೇಲೊಂದು ಅಂಕಿ ಬೇಕೇ ಬೇಕು.

ಯಲಹಂಕ_ಎಂಜಿನಿಯರ್
ಒಪ್ಪುತ್ತೇನೆ ಸರ್. ಆದರೆ ಪಿಲ್ಲೋ ಇಡಲು ಆಗದ ಕಡೆ ಏನು ಮಾಡುವುದು? ಸಟ್ಲೆಜ್ ನೋಡಿ. ಭಾಕ್ರಾಗೆ ಬರುವ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮ ಮತ್ತು ಹಿಮನದಿ ಕರಗಿದ್ದು. ಜಲಾನಯನದ ದೊಡ್ಡ ಭಾಗ ಟಿಬೆಟ್‌ನಲ್ಲಿದೆ. ಅಲ್ಲಿ ಹೋಗಿ ನಾವು ಸೆನ್ಸರ್ ಇಡುವ ಹಾಗಿಲ್ಲ. ಮೇಲಿಂದ ನೋಡುವುದು ಬಿಟ್ಟರೆ ಬೇರೆ ದಾರಿ ಎಲ್ಲಿದೆ?

ಕೊಡಗಿನ_ಮಾಜಿ_ಯೋಧ
ನಾನು ಸೇನೆಯಲ್ಲಿದ್ದಾಗ ಹಿಮಾಚಲದ ಲಾಹೌಲ್ ಕಡೆ ಇದ್ದೆ. ಅಲ್ಲಿನ ಸ್ವಯಂಚಾಲಿತ ಹಿಮ ಸ್ಟೇಷನ್‌ಗಳನ್ನು ಇಟ್ಟಿರುವುದು ಮುಖ್ಯವಾಗಿ ಹಿಮಕುಸಿತದ ಎಚ್ಚರಿಕೆಗೆ. ಡಿಆರ್‌ಡಿಒದವರು ನೋಡಿಕೊಳ್ಳುತ್ತಾರೆ. ಮೊದಲು 'ಸಾಸೆ' ಅಂತ ಇತ್ತು, 2020ರಲ್ಲಿ ಇನ್ನೊಂದು ಲ್ಯಾಬ್ ಜೊತೆ ಸೇರಿಸಿ ಹೆಸರು ಬದಲಿಸಿದರು. ಅವರಿಗೆ ಬೇಕಾದದ್ದು ಇಳಿಜಾರಿನ ಹಿಮ ಯಾವಾಗ ಜಾರುತ್ತದೆ ಅಂತ. ಅಣೆಕಟ್ಟಿನವರಿಗೆ ಬೇಕಾದದ್ದು ಬೇರೆ.

ಸೆನ್ಸರ್ ಇಡಬಹುದು ಅಂದುಕೊಂಡರೂ ಸುಲಭ ಅಲ್ಲ. ಸಮತಟ್ಟು ಜಾಗ ಅಂದರೆ ಕಣಿವೆಯ ತಳ. ಅಲ್ಲಿಗೆ ಹಿಮ ಕುಸಿದು ಬರುತ್ತದೆ. ಮೇಲೆ ಹೋದರೆ ಗಾಳಿ ಹಿಮವನ್ನು ನಿಲ್ಲಲು ಬಿಡುವುದಿಲ್ಲ. ಸೋಲಾರ್ ಫಲಕದ ಮೇಲೆ ಹಿಮ ಕೂತರೆ ಬ್ಯಾಟರಿ ಸತ್ತಿತು. ಆಮೇಲೆ ಘಾಟಿ ರಸ್ತೆ ತೆರೆಯುವವರೆಗೆ ಯಾರೂ ಹೋಗಲಾಗುವುದಿಲ್ಲ. ಒಂದು ಸಲ ಹೀಗೆ ನಿಂತುಹೋದ ಸ್ಟೇಷನ್‌ಗೆ ನಮ್ಮವರು ಬ್ಯಾಟರಿ ಹೊತ್ತುಕೊಂಡು ಹೋದರು. ಸೊಂಟದವರೆಗೆ ಹಿಮ. ಫಲಕ ಒರೆಸಿದ ಕೂಡಲೇ ಕೆಂಪು ದೀಪ ಮಿಣುಕಿತು. ಆ ಹುಡುಗರ ಮುಖ ನೋಡಬೇಕಿತ್ತು. ಅಂಕಿಯ ಹಿಂದೆ ಇಂಥವರ ದುಡಿಮೆ ಇದೆ, ಅದನ್ನು ಓದುವವರು ತಿಳಿದಿರಬೇಕು.

ತೀರ್ಥಹಳ್ಳಿ_ತೋಟ
ನಿಮಗೆ ನಮಸ್ಕಾರ ಸರ್.

ಲೈಡಾರ್_ಲೋಕೇಶ್
ಯೋಧರ ಮಾತು ಓದಿದ ಮೇಲೂ ಒಂದು ವಿಷಯ ಹೇಳಲೇಬೇಕು. ಮೇ ಕೊನೆಗೆ ಸಿಯೆರಾದ ಪಿಲ್ಲೋಗಳು ಒಂದೊಂದಾಗಿ ಸೊನ್ನೆಗೆ ಬರುತ್ತವೆ. ಅವುಗಳಿಗಿಂತ ಎತ್ತರದಲ್ಲಿ ಇನ್ನೂ ಬೇಕಾದಷ್ಟು ಹಿಮ ಇರುತ್ತದೆ. 2023ರಲ್ಲಿ ಏಪ್ರಿಲ್ ಆರಂಭಕ್ಕೆ ಕ್ಯಾಲಿಫೋರ್ನಿಯಾದ ಹಿಮ ಸರಾಸರಿಯ 237 ಪರ್ಸೆಂಟ್. ಅಂಥ ವರ್ಷ ಪಿಲ್ಲೋ ಸೊನ್ನೆ ಅಂದಿತು ಅಂತ ಜಲಾಶಯ ತುಂಬಿಸಿಕೊಂಡು ಕೂತರೆ ಕೆಳಗಿನ ಊರುಗಳ ಗತಿ ಏನು?

ಫ್ರೆಸ್ನೋ_ಗೌಡ
ಆ ವರ್ಷ ಎಂದೋ ಒಣಗಿಹೋಗಿದ್ದ ತುಲಾರೆ ಸರೋವರ ಮತ್ತೆ ಎದ್ದು ಬಂತು. ಅದರ ತಳದಲ್ಲಿ ಹತ್ತಿ, ಟೊಮ್ಯಾಟೊ ಬೆಳೆಯುತ್ತಿದ್ದವರ ಹೊಲ ತಿಂಗಳುಗಟ್ಟಲೆ ನೀರಿನಡಿ. ಎಂಟೇ ವರ್ಷ ಹಿಂದೆ, 2015ರ ಏಪ್ರಿಲ್ ಒಂದರಂದು, ಹಿಮ ಸರಾಸರಿಯ 5 ಪರ್ಸೆಂಟ್. ಗವರ್ನರ್ ಬ್ರೌನ್, ಹಿಮ ಅಳೆಯುವ ಫಿಲಿಪ್ಸ್ ಸ್ಟೇಷನ್‌ನಲ್ಲಿ ಬರೀ ಹುಲ್ಲಿನ ಮೇಲೆ ನಿಂತು ನೀರಿನ ಕಡಿತ ಘೋಷಿಸಿದ್ದರು. ಎರಡು ತುದಿಗೂ ಅಂಕಿ ಸರಿಯಾಗಿರಬೇಕು. ಯಾವ ಯಂತ್ರದಿಂದ ಬಂತು ಅನ್ನುವುದು ನನಗೆ ಮುಖ್ಯ ಅಲ್ಲ.

ರೀನೋ_ರಶ್ಮಿ
ಹಾಗಾದರೆ ಮೇ-ಜೂನ್‌ಗೆ ನನ್ನ ಮಾಡೆಲ್‌ನಲ್ಲಿ ಪಿಲ್ಲೋ ಸೊನ್ನೆ ಆದ ಮೇಲೆ ಏನು ಹಾಕಲಿ? ಲೈಡಾರ್ ಹಾರದ ಕಣಿವೆ ನನ್ನದು.

ಅಂಕಿ_ಅಂಶ
ಮೋಡ ಇಲ್ಲದ ದಿನದ ಮೋಡಿಸ್ ಉಪಗ್ರಹ ಚಿತ್ರದಿಂದ ಹಿಮರೇಖೆ ಎಷ್ಟು ಎತ್ತರಕ್ಕೆ ಸರಿದಿದೆ ಅಂತ ತೆಗೆಯಿರಿ. ಪಿಲ್ಲೋ ಸೊನ್ನೆ ಆದ ದಿನಕ್ಕೆ ಹಿಮರೇಖೆ ಪಿಲ್ಲೋ ಎತ್ತರದ ಆಸುಪಾಸಿನಲ್ಲಿ ಇರಬೇಕು. ಅದು ತಾಳೆಯಾದರೆ, ಅಲ್ಲಿಂದ ಮೇಲಿನ ವಿಸ್ತೀರ್ಣವನ್ನು ಎತ್ತರದ ಪಟ್ಟಿಗಳಾಗಿ ಮಾಡಿ, ದಿನದ ಉಷ್ಣಾಂಶದಿಂದ ಕರಗುವಿಕೆ ಲೆಕ್ಕ ಹಾಕಿ.

ಬಾಯ್ಸಿ_ಭಟ್ಟ
ಎರಡು ಸ್ಟೇಷನ್‌ಗೂ ಹಿಂದಿನ ಎಲ್ಲ ವರ್ಷಗಳ ಸೊನ್ನೆಯಾದ ದಿನಾಂಕ ಮೊದಲು ಪಟ್ಟಿ ಮಾಡಮ್ಮ. ಜೂನ್‌ನಲ್ಲಿ ನದಿಯ ಗೇಜ್ ಎಷ್ಟು ಹರಿವು ತೋರಿಸಿದೆ ಅಂತ ಪಕ್ಕದಲ್ಲಿ ಬರಿ. ಆ ಹಾಳೆ ಇಲ್ಲಿ ಹಾಕು, ಲೋಕೇಶ್ ಮತ್ತು ನಾನು ಇಬ್ಬರೂ ಕೂತು ನೋಡುತ್ತೇವೆ.

ಲೈಡಾರ್_ಲೋಕೇಶ್
ಖಂಡಿತ. ಕಣಿವೆಯ ಎತ್ತರದ ನಕ್ಷೆಯನ್ನೂ ಜೊತೆಗೆ ಕಳಿಸಿ.